ಚೆಕ್ಕುಬಂದಿ

ಬಂಡೆ ಉರುಳಿತ್ತು. ಬಾಣ ಮಾತ್ರ ಹಾಗೇ ಇತ್ತು.
ಹಳದಿ ಬಣ್ಣ, ಇಲಾಖೆಯವರದೋ ಯಾವ ಹುಡುಗರದೋ,
ಒಂದಿಷ್ಟೂ ಅನುಮಾನವಿಲ್ಲದೆ
ಆಕಾಶ ತೋರಿಸುತ್ತಿತ್ತು.

‘ಹೋಗೋಣವಾ ಮೇಡಂ?’ ಎಂದ ಪೂರ್ಣೇಶ.
ಹನ್ನೊಂದು ವರ್ಷ ನನ್ನ ಸರಪಳಿಯ ಇನ್ನೊಂದು ತುದಿ ಹಿಡಿದವನು,
ನಗಬೇಕಾದಲ್ಲಿ ನಗುವುದಿಲ್ಲ.

ಮೂಡಿಗೆರೆ ತಾಲೂಕು ಕಚೇರಿಯ ಭೂಮಾಪಕಿ ನಾನು.
ಎಷ್ಟೋ ಅಣ್ಣತಮ್ಮಂದಿರ ನಡುವೆ ಕಲ್ಲು ನೆಟ್ಟಿದ್ದೇನೆ,
ಅರೆ ಗುಂಟೆಗೆ, ಒಂದು ಬಸಳೆ ಚಪ್ಪರದಷ್ಟು ನೆಲಕ್ಕೆ
ಕಣ್ಣು ಕಿರಿದು ಮಾಡಿ ಕೂತಿದ್ದೇನೆ.
ಒಂದು ಭಾನುವಾರವಾದರೂ
ಯಾರೂ ಪಾಲು ಕೇಳದ ಗುಡ್ಡಕ್ಕೆ
ಬರಿಗೈಯಲ್ಲಿ ಹೋಗಬೇಕೆನಿಸಿತ್ತು.

ಬೆಳಿಗ್ಗೆ ಭೈರಾಪುರ ದಾಟಿದ ಮೇಲೆ ಗಿಡ್ಡಮ್ಮ ಸಿಕ್ಕಿದ್ದಳು,
ತಲೆಯ ಮೇಲೆ ಸೊಪ್ಪಿನ ಹೊರೆ.
ದಾರಿ ಕೇಳಿದೆವು. ಹೊರೆ ಇಳಿಸದೆಯೇ ಹೇಳಿದಳು:
‘ಹಿಂಗೇ ಹೋಗಿ, ಒಂದು ಎಲೆಯಡಿಕೆ ಮುಗಿಯೋಗಂಟ.
ಅಲ್ಲೊಂದು ನೆಲ್ಲಿಮರ. ಈಗಿಲ್ಲ,
ಸಿಡ್ಲು ಹೊಡ್ದು ಮೂರು ವರ್ಷಾತು.
ಅದರ ಬಲಕ್ಕೆ ತಿರುಗಿ.
ಆಮೇಲೆ ನೆತ್ತಿಗೆ ಒಂದು ಕೂಗಳತೆ, ಅಷ್ಟೇಯ.’

ಇಲ್ಲದ ಮರದ ಬಲಕ್ಕೆ!
ನನ್ನ ನಕಾಶೆಯಲ್ಲಿ ಇದಕ್ಕೆ ಗುರುತು ಯಾವುದು?
ಎಲೆಯಡಿಕೆಗೆ ಎಷ್ಟು ಮೀಟರು,
ಕೂಗುವವರು ಯಾರು, ಯಾವ ಗಂಟಲು,
ಗಾಳಿ ಎತ್ತಲಿಂದ?

ಕಾಡೊಳಗೆ ಒಂದು ದಾರಿ ಮೂರಾಯಿತು.
ಪೂರ್ಣೇಶ ಬಗ್ಗಿ ನೋಡಿ ಹೇಳಿದ:
ಕೊಂಬೆ ಸೊಂಟದೆತ್ತರಕ್ಕೆ ಸವೆದಿದ್ದರೆ ದನದ ಜಾಡು,
ನೀರಿಗೆ ಹೋಗಿ ನಿಲ್ಲುತ್ತದೆ.
ತಲೆಯೆತ್ತರಕ್ಕೆ ಕತ್ತಿ ತಾಗಿದ್ದರೆ ಮನುಷ್ಯರದು,
ಎಲ್ಲಿಗೆ ಹೋಗುತ್ತದೋ ಹೇಳಲಾಗದು.
ಮುಂದೊಂದು ಕೆಂಪು ರಿಬ್ಬನ್, ಅದರಾಚೆ ಇನ್ನೊಂದು,
ಮೂರನೆಯದು ಮರದ ತುದಿಯಲ್ಲಿ; ಮುಸಿಯ ಬಿಚ್ಚಿ ಒಯ್ದದ್ದು.
ಬಿಸ್ಕತ್ತಿನ ಕಾಗದ ಕಂಡಾಗ
ಬೈಯಬೇಕಾದ ಬಾಯಲ್ಲಿ
‘ಸದ್ಯ’ ಎಂದೆ.

ಕಾಡು ಮುಗಿದು ಹುಲ್ಲು. ಹುಲ್ಲು ಮುಗಿಯಲಿಲ್ಲ.
ಎತ್ತ ನೋಡಿದರೂ ಯಾರೋ ಈಗತಾನೇ ಹಾದುಹೋದ ಹಾಗೆ
ಒಂದು ಸಣ್ಣ ಬಾಗು,
ಗಾಳಿಯದೋ, ಕಾಟಿಯದೋ.
ಅಷ್ಟರಲ್ಲಿ ಘಟ್ಟದ ಕೆಳಗಿಂದ ಮಂಜು ಎದ್ದು
ನನ್ನ ಬೂಟಿನವರೆಗೂ ಗುಡ್ಡವನ್ನು ಒರೆಸಿಹಾಕಿತು.
ಮೊಬೈಲಿನಲ್ಲಿ ಒಂದು ನೀಲಿ ಚುಕ್ಕೆ, ಸುತ್ತ ಬರೀ ಬಿಳಿ.
ನೀನು ಇಲ್ಲಿದ್ದೀಯ ಎನ್ನುತ್ತಿತ್ತು.
ಅದು ನನಗೂ ಗೊತ್ತಿತ್ತು.

ಪೂರ್ಣೇಶ ಕಾಲಿನ ಇಂಬಳ ಕೀಳುತ್ತ ಕೂತ.
ನಾನು ರೂಢಿಯಂತೆ ಚೆಕ್ಕುಬಂದಿ ಬರೆದೆ, ಬಾಯಲ್ಲೇ:

ಪೂರ್ವಕ್ಕೆ ಮಂಜು.
ಪಶ್ಚಿಮಕ್ಕೆ ಮಂಜು, ಅದರಾಚೆ ಪ್ರಪಾತ ಇರಬಹುದು.
ಉತ್ತರಕ್ಕೆ ಪೂರ್ಣೇಶನ ಕೆಮ್ಮು.
ದಕ್ಷಿಣಕ್ಕೆ ಎಲ್ಲೋ ಹರಿಯುವ ನೀರು, ಸರ್ವೆ ನಂಬರು ಇಲ್ಲ.
ಈ ಮಧ್ಯೆ ಇರುವ ಸ್ವತ್ತು
ಒಬ್ಬ ಹೆಂಗಸು, ಖಾಲಿ ಬಾಟಲಿ ಒಂದು,
ನಲವತ್ನಾಲ್ಕು ವರ್ಷ.

ಏಳಲೆಂದು ಕೈ ಊರಿದಾಗ
ಹುಲ್ಲು ಬೇರೆಯಾಗಿತ್ತು. ಮೆತ್ತಗೆ, ದಟ್ಟ,
ದುಂಡಗೆ ಒಂದು ನೆರಳಿನಷ್ಟು ಜಾಗ.
ನೆರಳು ಹೋಗಿ ಮೂರು ವರ್ಷವಾದರೂ
ಅದರ ಅಳತೆ ನೆಲಕ್ಕೆ ನೆನಪಿತ್ತು.
ನಡುವೆ ಬುಡ. ಬೆರಳಿಟ್ಟೆ: ಮಸಿ.

ಸರಿ, ಬಲಕ್ಕೆ. ಆದರೆ ಯಾರ ಬಲಕ್ಕೆ?
ಹತ್ತುವವರ ಬಲ ಇಳಿಯುವವರ ಎಡ,
ನಾವೀಗ ಎರಡೂ ಅಲ್ಲ.
‘ಕೂ’ ಎಂದೆ. ಶಾಲೆ ಬಿಟ್ಟ ಮೇಲೆ ಹಾಗೆ ಕೂಗಿರಲಿಲ್ಲ,
ಗಂಟಲು ಮೊದಲು ನಾಚಿತು.
ಎರಡನೆಯ ಸಲಕ್ಕೆ ಮರುಕೂಗು ಬಂತು.
ಬಂಡೆಯದಾದರೆ ಅತ್ತ ನೆತ್ತಿ,
ಮನುಷ್ಯರದಾದರೆ ಊರು.
ಕಿವಿ ಹಿಡಿದುಕೊಂಡು ನಡೆದೆವು.

ಸಿಕ್ಕಿದ್ದು ಅದೇ ಬಂಡೆ, ಅದೇ ಹಳದಿ ಬಾಣ.

ತಿರುಗಿಸಲು ನೋಡಿದೆವು; ಇಬ್ಬರಿಂದಾಗುವ ಕೆಲಸವಲ್ಲ.
ಉಜ್ಜಿ ಅಳಿಸೋಣವೆಂದ ಪೂರ್ಣೇಶ. ಬೇಡವೆಂದೆ,
ಅದು ಸುಳ್ಳು ಹೇಳುತ್ತಿಲ್ಲ, ಉರುಳಿದೆ ಅಷ್ಟೇ.
ಬಾಣದ ಬುಡಕ್ಕೆ ಮೂರು ಕಲ್ಲು ಪೇರಿಸಿ ಇಳಿದೆವು,
ಇಲ್ಲಿ ನಿಂತು ಯೋಚಿಸಿ ಎಂಬ ಅರ್ಥದಲ್ಲಿ.

ದೀಪಾವಳಿ ಕಳೆದು ಮತ್ತೆ ಹೋದಾಗ
ಮೇಲಿನ ಕಲ್ಲಿಗೆ ಕುಂಕುಮ,
ಎರಡು ಚೆಂಡುಹೂ, ಉರಿದ ಬತ್ತಿ.
ಗಿಡ್ಡಮ್ಮ ಅಂದಳು:
‘ದಾರಿ ತೋರ್ಸೋ ದ್ಯಾವ್ರು ಕಣವ್ವ, ಭಾಳ ಹಳೇದು.’

ನಾನು ಬೂಟು ಬಿಚ್ಚಿದೆ.
ಪೂರ್ಣೇಶ ಈ ಸಲವೂ ನಗಲಿಲ್ಲ.